ಸಕ್ಕರೆ ಸರಿಯಿದ್ದರೂ ತೀರದ ದಾಹ: ನೀರು ಬಿಡಿಸಿ ಮಾಡುವ ಪರೀಕ್ಷೆ ಬೇಕೇ?

ನಿಮ್ಮ ತಂಗಿ ದಿನಕ್ಕೆ ಎಂಟು ಲೀಟರ್ ನೀರು ಕುಡಿಯುತ್ತಾರೆ, ರಾತ್ರಿಯಿಡೀ ಮೂತ್ರಕ್ಕೆ ಏಳುತ್ತಾರೆ, ರಕ್ತದಲ್ಲಿ ಸಕ್ಕರೆ ಸರಿಯಾಗಿದೆ, ಡಯಾಬಿಟಿಸ್ ಇನ್ಸಿಪಿಡಸ್ (ಸಕ್ಕರೆ ಕಾಯಿಲೆಯಲ್ಲ, ದೇಹ ನೀರನ್ನು ಉಳಿಸಿಕೊಳ್ಳಲಾಗದೆ ಮೂತ್ರ ಅತಿಯಾಗಿ ಹೋಗುವ ಕಾಯಿಲೆ) ಇರಬಹುದೆಂದು ವೈದ್ಯರು ನೀರು ಬಿಡಿಸಿ ಮಾಡುವ ಪರೀಕ್ಷೆ ಹೇಳಿದ್ದಾರೆ, ಅದು ಬೇಕೇ ಎಂದು ಕೇಳಿದ್ದೀರಿ. ಇದೇ ಕಾಯಿಲೆಗೆ ಹಲವು ವರ್ಷಗಳಿಂದ ಔಷಧಿ ತೆಗೆದುಕೊಳ್ಳುತ್ತಿರುವ ನಾನು, ಸಾಮಾನ್ಯವಾಗಿ ಬೇಕೇ ಬೇಕು ಎನ್ನುತ್ತೇನೆ.

ಮೆದುಳಿನ ಭಾಗವಾದ ಹೈಪೊಥಾಲಮಸ್‌ನಲ್ಲಿ ತಯಾರಾಗಿ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನಿಂದಲೇ ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳುತ್ತವೆ. ಆ ಹಾರ್ಮೋನು ಸಾಲದಿದ್ದರೂ, ಸಾಕಷ್ಟಿದ್ದು ಮೂತ್ರಪಿಂಡಗಳು ಅದಕ್ಕೆ ಸ್ಪಂದಿಸದಿದ್ದರೂ (ಲಿಥಿಯಂ ಮಾತ್ರೆ ಬಹುಕಾಲ ತೆಗೆದುಕೊಂಡವರಲ್ಲಿ ಹೀಗಾಗುವುದುಂಟು), ಬರೀ ಅಭ್ಯಾಸದಿಂದ ಅತಿಯಾಗಿ ಕುಡಿದರೂ ಹೊರಗೆ ಕಾಣುವ ಲಕ್ಷಣ ಒಂದೇ. ಚಿಕಿತ್ಸೆ ಮಾತ್ರ ಬೇರೆ ಬೇರೆ, ಅದಕ್ಕೇ ಕಾರಣ ಯಾವುದೆಂದು ಪರೀಕ್ಷೆಯಿಂದ ತಿಳಿಯಬೇಕು.

ಮೊದಲು 24 ಗಂಟೆಗಳ ಮೂತ್ರವನ್ನು ಅಳೆದು, ಅದು 3 ಲೀಟರ್ ಮೀರುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಗಂಟೆಗಟ್ಟಲೆ ನೀರು ಕೊಡದೆ ಮಾಡುವ ಈ ಪರೀಕ್ಷೆ ಆಸ್ಪತ್ರೆಯಲ್ಲೇ ನಡೆಯಬೇಕು. ನನಗೆ ಬಾಯಿ ಮುಕ್ಕಳಿಸಲೂ ನೀರು ಕೊಡಲಿಲ್ಲ. ಕದ್ದು ಒಂದು ಗುಟುಕು ಕುಡಿದರೂ ಫಲಿತಾಂಶ ಕೆಡುವುದರಿಂದ, ಬಚ್ಚಲಿಗೆ ಹೋದಾಗಲೂ ನರ್ಸ್ ಬಾಗಿಲಲ್ಲೇ ನಿಂತಿದ್ದರು. ಆಗಾಗ ತೂಕ, ರಕ್ತದ ಸೋಡಿಯಂ ಮತ್ತು ಮೂತ್ರದ ಸಾಂದ್ರತೆ ನೋಡುತ್ತಿದ್ದು, ತೂಕ ಹೆಚ್ಚು ಇಳಿದರೆ ಪರೀಕ್ಷೆಯನ್ನು ನಿಲ್ಲಿಸುತ್ತಾರೆ. ಇಷ್ಟು ಹೊತ್ತು ನೀರಿಲ್ಲದಿದ್ದರೂ ಮೂತ್ರ ತಿಳಿಯಾಗಿಯೇ ಉಳಿದು, ವ್ಯಾಸೊಪ್ರೆಸಿನ್ ಹಾರ್ಮೋನಿನಂತೆಯೇ ಕೆಲಸ ಮಾಡುವ ಡೆಸ್ಮೊಪ್ರೆಸಿನ್ ಔಷಧಿಯ ಚುಚ್ಚುಮದ್ದು ಕೊಟ್ಟ ಮೇಲೆ ಗಟ್ಟಿಯಾದರೆ ಕೊರತೆ ಹಾರ್ಮೋನಿನದು. ಆಗ ಪಿಟ್ಯುಟರಿಯ ಎಂಆರ್‌ಐ ಮಾಡಿಸಿ ಕಾರಣ ಹುಡುಕುತ್ತಾರೆ. ದಯವಿಟ್ಟು ಮನೆಯಲ್ಲಿ ನೀರು ತಡೆದು ನೋಡಬೇಡಿ. ರಕ್ತದ ಸೋಡಿಯಂ ಈಗಾಗಲೇ ಲೀಟರಿಗೆ 145 ಮಿಲಿಮೋಲ್ ಮೀರಿದ್ದರೆ ಈ ಪರೀಕ್ಷೆ ಅಪಾಯಕಾರಿ.

ಡೆಸ್ಮೊಪ್ರೆಸಿನ್ ಮಾತ್ರೆ ಶುರುವಾದ ಮೇಲೆ ಅಪಾಯದ ದಿಕ್ಕು ಬದಲಾಗುತ್ತದೆ ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು. ಹಳೆಯ ರೂಢಿಯಂತೆ ಚೊಂಬುಗಟ್ಟಲೆ ಕುಡಿದರೆ ನೀರು ಒಳಗೇ ನಿಂತು ಸೋಡಿಯಂ 135ಕ್ಕಿಂತ ಕೆಳಗಿಳಿಯಬಹುದು. ತಲೆನೋವು, ವಾಕರಿಕೆ, ಮಂಕು, ಕೊನೆಗೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಬಾಯಾರಿದಾಗ ಮಾತ್ರ ಕುಡಿಯಬೇಕು. ಒಳಗೆ ನಿಂತ ಹೆಚ್ಚುವರಿ ನೀರು ಹೊರಹೋಗಲೆಂದು ವಾರಕ್ಕೊಮ್ಮೆ ಒಂದು ಮಾತ್ರೆಯನ್ನು ತಡಮಾಡಿ, ತಿಳಿಯಾದ ಮೂತ್ರ ಧಾರಾಳವಾಗಿ ಹೋದ ಮೇಲೆ ತೆಗೆದುಕೊಳ್ಳುವಂತೆ ನನ್ನ ವೈದ್ಯರು ಹೇಳಿದ್ದಾರೆ. ನಿಮ್ಮ ತಂಗಿಗೆ ಇದು ಹೊಂದುತ್ತದೆಯೇ ಎಂದು ಅವರ ವೈದ್ಯರನ್ನೇ ಕೇಳಿ.

ಬೇರೆ ಯಾವ ಕಾರಣಕ್ಕೆ ಆಸ್ಪತ್ರೆಗೆ ಸೇರಿದರೂ ಈ ಔಷಧಿ ತಪ್ಪಬಾರದು. ಡಯಾಬಿಟಿಸ್ ಎಂದೊಡನೆ ಸಕ್ಕರೆ ಕಾಯಿಲೆಯೆಂದು ಭಾವಿಸಿ ಔಷಧಿ ನಿಲ್ಲಿಸುವ ಅನಾಹುತ ತಪ್ಪಿಸಲೆಂದೇ 2022ರಲ್ಲಿ ತಜ್ಞರು ಹಾರ್ಮೋನು ಸಾಲದೆ ಬರುವ ಈ ಬಗೆಗೆ ವ್ಯಾಸೊಪ್ರೆಸಿನ್ ಕೊರತೆ ಎಂಬ ಹೊಸ ಹೆಸರನ್ನು ಸೂಚಿಸಿದರು. ಎರಡೂ ಹೆಸರು, ಮಾತ್ರೆಯ ಪ್ರಮಾಣ ಬರೆದ ಚೀಟಿ ತಂಗಿಯ ಪರ್ಸಿನಲ್ಲಿ ಸದಾ ಇರಲಿ. ವಾಂತಿಯಾಗಿ ನೀರು ನಿಲ್ಲದಿದ್ದರೆ ಮರುದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.