ವಾಸ್ಕೊ ಕೌಂಟಿಯಲ್ಲಿ ರಜನೀಶ್ ಕಥೆ ಬಿಟ್ಟು ಬೇರೆ ಇತಿಹಾಸ ಇದೆಯಾ?

ರಜನೀಶ್ (ಓಶೋ) ಆಶ್ರಮ ಇದ್ದ, ಅಮೆರಿಕದ ಒರೆಗಾನ್ ರಾಜ್ಯದ ವಾಸ್ಕೊ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಅದೊಂದು ಬಿಟ್ಟರೆ ಬೇರೆ ಇತಿಹಾಸ ಇದೆಯಾ ಅಂತ ಕೇಳಿದ್ದೀರಿ. ತುಂಬಾ ಇದೆ. ನಾನು ಪೋರ್ಟ್‌ಲ್ಯಾಂಡ್‌ನಲ್ಲಿದ್ದೇನೆ, ಆ ಕಡೆ ಆಗಾಗ ಹೋಗುತ್ತಿರುತ್ತೇನೆ. ನನ್ನ ಪ್ರಕಾರ ಅಲ್ಲಿಯ ದೊಡ್ಡ ಕಥೆ ಕೊಲಂಬಿಯಾ ನದಿಯದ್ದು.

1854ರಲ್ಲಿ ಹುಟ್ಟಿದಾಗ ಈ ಕೌಂಟಿ ಕ್ಯಾಸ್ಕೇಡ್ ಬೆಟ್ಟಗಳಿಂದ ರಾಕಿ ಪರ್ವತದವರೆಗೆ ಹಬ್ಬಿತ್ತು. ಸುಮಾರು 1,30,000 ಚದರ ಮೈಲಿ, ಅಂದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಕರ್ನಾಟಕ! ಆಮೇಲೆ ಒಂದೊಂದೇ ಕೌಂಟಿ ಬೇರೆಯಾಗಿ ಈಗ ಉಳಿದಿರುವುದು 2,400 ಚದರ ಮೈಲಿಯಷ್ಟು. 2020ರ ಜನಗಣತಿಯಲ್ಲಿ ಇಲ್ಲಿ 27,000 ಜನರೂ ಇರಲಿಲ್ಲ.

ವಾಸ್ಕೊ ಅನ್ನುವುದು ಅಲ್ಲಿಯ ಮೂಲನಿವಾಸಿಗಳ ಒಂದು ಬುಡಕಟ್ಟಿನ ಹೆಸರು. ಕೌಂಟಿಯ ಮುಖ್ಯ ಊರು ದಿ ಡ್ಯಾಲ್ಸ್. ಅಲ್ಲಿಂದ ಸುಮಾರು 12 ಮೈಲಿ ಪೂರ್ವಕ್ಕೆ ಸೆಲೈಲೊ ಜಲಪಾತ ಇತ್ತು. ಸಾವಿರಾರು ವರ್ಷಗಳಿಂದ ಜನ ಬಂಡೆಗಳ ಮೇಲೆ ಮರದ ಅಟ್ಟಣಿಗೆ ಕಟ್ಟಿ, ಉದ್ದ ಕೋಲಿನ ಬಲೆ ಹಾಕಿ ಸಾಮನ್ ಮೀನು ಹಿಡಿಯುತ್ತಿದ್ದರು. ದೂರದೂರದ ಬುಡಕಟ್ಟುಗಳು ವ್ಯಾಪಾರಕ್ಕೆ ಸೇರುತ್ತಿದ್ದ ದೊಡ್ಡ ಸಂತೆಯೂ ಅದೇ. 1855ರಲ್ಲಿ ಅಮೆರಿಕ ಸರ್ಕಾರದ ಜೊತೆ ಆದ ಒಪ್ಪಂದದಲ್ಲಿ ಅವರು ಜಮೀನು ಬಿಟ್ಟುಕೊಟ್ಟರೂ, ತಾವು ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳ ಹಕ್ಕನ್ನು ಮಾತ್ರ ಉಳಿಸಿಕೊಂಡರು.

1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಅಣೆಕಟ್ಟಿನ ಗೇಟು ಹಾಕಿದರು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿಹೋಯಿತು. ದಡದಲ್ಲಿ ನಿಂತು ನೋಡಿದ ಹಿರಿಯರಿಗೆ ಹೇಗಾಗಿರಬೇಕು ಹೇಳಿ. ಪರಿಹಾರದ ಹಣವೇನೋ ಬಂತು. ಆದರೆ ಒಂದು ಜನಾಂಗದ ಊಟ, ಸಂತೆ, ಪೂಜೆ ಎಲ್ಲವೂ ಇದ್ದ ಜಾಗಕ್ಕೆ ಬೆಲೆ ಕಟ್ಟುವುದು ಹೇಗೆ? ಸೆಲೈಲೊ ಹಳ್ಳಿಯಲ್ಲಿ ಈಗಲೂ ಜನ ಇದ್ದಾರೆ, ವಸಂತದಲ್ಲಿ ಮೊದಲ ಸಾಮನ್‌ಗೆ ಹಬ್ಬ ಮಾಡುತ್ತಾರೆ.

ಆಮೇಲಿನ ಕಥೆಯೂ ಇದೇ ನದಿಯದ್ದು. ಅಗ್ಗದ ಜಲವಿದ್ಯುತ್ ಸಿಗುತ್ತದೆ ಅಂತ ಅಲ್ಯೂಮಿನಿಯಂ ಕಾರ್ಖಾನೆ ಬಂತು, ಅದು ಮುಚ್ಚಿತು. 2006ರಲ್ಲಿ ಗೂಗಲ್ ಡೇಟಾ ಸೆಂಟರ್ ಶುರುವಾಯಿತು, ಅಲ್ಲಿಯ ಕಂಪ್ಯೂಟರ್‌ಗಳನ್ನು ತಣ್ಣಗಿಡಲು ನೀರು ಬೇಕು. 2021ರಲ್ಲಿ ಊರಿನ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ಇದನ್ನು ಯಾರೂ ಸುಮ್ನೆ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ರಜನೀಶ್ ವಿಷಯ. 1981ರಲ್ಲಿ ಅವರ ಸಂಸ್ಥೆ 64,000 ಎಕರೆಯ ಬಿಗ್ ಮಡ್ಡಿ ರಾಂಚ್ ಕೊಂಡಿತು. ಪಕ್ಕದ ಪುಟ್ಟ ಊರು ಆ್ಯಂಟೆಲೋಪ್‌ನ ಆಡಳಿತವನ್ನು ಅವರ ಅನುಯಾಯಿಗಳು ಚುನಾವಣೆಯಲ್ಲಿ ಗೆದ್ದು ಊರಿನ ಹೆಸರನ್ನೇ ಬದಲಾಯಿಸಿದರು. 1984ರಲ್ಲಿ, ಬೇರೆ ಮತದಾರರು ಕಾಯಿಲೆ ಬಿದ್ದು ಮತ ಹಾಕದಿದ್ದರೆ ಕೌಂಟಿ ಚುನಾವಣೆ ಗೆಲ್ಲಬಹುದು ಅಂತ, ಅನುಯಾಯಿಗಳಲ್ಲಿ ಕೆಲವರು ದಿ ಡ್ಯಾಲ್ಸ್‌ನ ಹೋಟೆಲ್‌ಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆರೆಸಿದರು. 751 ಜನ ಕಾಯಿಲೆ ಬಿದ್ದರು. ಯಾರೂ ಸಾಯಲಿಲ್ಲ, ಪುಣ್ಯ. ಮುಂದಿನ ವರ್ಷವೇ ಎಲ್ಲ ಮುಗಿಯಿತು. ಅಂದರೆ ಇಡೀ ಪ್ರಕರಣ ನಾಲ್ಕೇ ವರ್ಷದ್ದು, ಅಲ್ವಾ?

ಹೋಗುವುದಾದರೆ ಮೊದಲು ದಿ ಡ್ಯಾಲ್ಸ್‌ನ ಕೊಲಂಬಿಯಾ ಗಾರ್ಜ್ ಡಿಸ್ಕವರಿ ಸೆಂಟರ್ ನೋಡಿ, ಕೌಂಟಿಯ ಮ್ಯೂಸಿಯಂ ಅದೇ. ಆ್ಯಂಟೆಲೋಪ್ ಕಡೆ ಹೋದರೆ ಶಾನಿಕೊದಲ್ಲೂ ಇಳಿಯಿರಿ. 1900ರ ಸುಮಾರಿಗೆ ಉಣ್ಣೆ ವ್ಯಾಪಾರಕ್ಕೆ ಹೆಸರಾಗಿದ್ದ ಊರು ಅದು. 1911ರಲ್ಲಿ ಬೇರೆ ಕಡೆ ರೈಲು ಮಾರ್ಗ ಆದ ಮೇಲೆ ಖಾಲಿಯಾಯಿತು.