ಮೈಲುತುತ್ತದ ಬಿಸಿ ಎಲ್ಲಿ ಹೋಯಿತು?

ಪ್ರಶ್ನೆ: ಪ್ರಯೋಗಾಲಯದಲ್ಲಿ 4 ಗ್ರಾಂ ನಿರ್ಜಲ ತಾಮ್ರದ ಸಲ್ಫೇಟನ್ನು 50 ಮಿ.ಲೀ. ನೀರಿಗೆ ಹಾಕಿದೆ. ನೀರು 6 ಡಿಗ್ರಿ ಬಿಸಿಯಾಯಿತು. ಲೆಕ್ಕ ಹಾಕಿದರೆ ಮೋಲಿಗೆ 50 ಕಿಲೋಜೂಲ್ ಬಂತು, ಪುಸ್ತಕದಲ್ಲಿ 66.5 ಎಂದಿದೆ. ಮನೆಯಲ್ಲಿ ಅಪ್ಪ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕರಗಿಸುವಾಗ ಡ್ರಮ್ ಬಿಸಿಯಾಗುವುದೇ ಇಲ್ಲ. ನನ್ನ ತಪ್ಪೆಲ್ಲಿ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಮೂಡಿಗೆರೆ

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಡ್ರಮ್ಮನ್ನೂ ಗಮನಿಸಿದ್ದೀರಲ್ಲ, ಅದು ನನಗೆ ತುಂಬ ಸಂತೋಷ ಕೊಟ್ಟಿತು. ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ತೋಟದ ಮೈಲುತುತ್ತವೂ ತಾಮ್ರದ ಸಲ್ಫೇಟೇ, ಆದರೆ ನೀಲಿ ಹರಳು. ಅದರಲ್ಲಿ ಒಂದು ಮೋಲ್ ಲವಣಕ್ಕೆ ಐದು ಮೋಲ್ ನೀರು ಆಗಲೇ ಸೇರಿಕೊಂಡಿದೆ. ಅದು ಕರಗುವಾಗ ಮೋಲಿಗೆ 11.7 ಕಿಲೋಜೂಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ ಕರಗಿದರೆ ತಾಪ ಕಾಲು ಡಿಗ್ರಿಯೂ ಇಳಿಯದು, ಕೈಗೆ ತಿಳಿಯುವುದು ಹೇಗೆ? ನೀವು ಬಳಸಿದ ಬಿಳಿ ನಿರ್ಜಲ ಪುಡಿಯಾದರೋ ಆ ಐದು ಮೋಲ್ ನೀರನ್ನು ಹಿಡಿದುಕೊಳ್ಳುವಾಗ ಉಷ್ಣ ಬಿಡುತ್ತದೆ. ಕರಗುವಾಗ ಪುಡಿ 66.5 ಬಿಡುತ್ತದೆ, ಹರಳು 11.7 ಹೀರುತ್ತದೆ; ಎರಡರ ನಡುವಿನ ಅಂತರವೇ ಮೋಲಿಗೆ 78.2 ಕಿಲೋಜೂಲ್.

ನನ್ನ ಅನುಮಾನ ನಿಮ್ಮ ಪುಡಿಯ ಮೇಲೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಸೀಸೆಯ ಬಾಯಿಯ ಸುತ್ತ ನೋಡಿ: ತಿಳಿನೀಲಿ ಛಾಯೆ ಕಂಡರೆ, ಪುಡಿ ಗಂಟುಕಟ್ಟಿದ್ದರೆ, ಅದು ಗಾಳಿಯ ತೇವವನ್ನು ಕುಡಿದಿದೆ. ಥರ್ಮಾಮೀಟರಿಗೆ ಸಿಗಬೇಕಾದ ಬಿಸಿ ಸೀಸೆಯಲ್ಲೇ ಸೋರಿಹೋಗಿದೆ, ತೂಗಿದ 4 ಗ್ರಾಂನಲ್ಲಿ ಲವಣವೂ ಕಡಿಮೆ. ಪಿಂಗಾಣಿ ಬಟ್ಟಲಿನಲ್ಲಿ ಸಣ್ಣ ಉರಿಯಲ್ಲಿ ಬೆಳ್ಳಗಾಗುವವರೆಗೆ ಕಾಯಿಸಿ, ಗಾಳಿಯ ತೇವ ತಾಗದ ಡೆಸಿಕೇಟರ್ ಪಾತ್ರೆಯಲ್ಲಿ ಆರಿಸಿ, ಮುಚ್ಚಳವಿರುವ ನಳಿಕೆಯಲ್ಲೇ ತೂಗಿ. ಕಪ್ಪಾದರೆ ಲವಣ ಕೆಟ್ಟಿತೆಂದೇ ಅರ್ಥ.

ಉಳಿದ ನಷ್ಟ ಲೋಟದ್ದು. ಗಾಜಿನ ಬೀಕರ್ ಬೇಡ, ಮುಚ್ಚಳವಿರುವ ಥರ್ಮಾಕೋಲ್ ಲೋಟ ಸಾಕು. ಅರ್ಧ ನಿಮಿಷಕ್ಕೊಮ್ಮೆ ತಾಪ ಬರೆದುಕೊಳ್ಳಿ, ನಾಲ್ಕನೇ ನಿಮಿಷಕ್ಕೆ ಪುಡಿ ಹಾಕಿ ಕಲಕಿ, ಹತ್ತನೇ ನಿಮಿಷದವರೆಗೂ ಬಿಡಬೇಡಿ. ನಕ್ಷೆಯಲ್ಲಿ ಇಳಿಯುವ ಗೆರೆಯನ್ನು ನಾಲ್ಕನೇ ನಿಮಿಷದವರೆಗೆ ಹಿಂದಕ್ಕೆ ಎಳೆಯಿರಿ. ಅಲ್ಲಿ ಸಿಗುವ ತಾಪವನ್ನೇ ಲೆಕ್ಕಕ್ಕೆ ಹಿಡಿಯಿರಿ, ಕಣ್ಣಿಗೆ ಕಂಡ ಗರಿಷ್ಠವನ್ನಲ್ಲ. ಏರಿಕೆ 8 ಡಿಗ್ರಿಯ ಹತ್ತಿರ ಬರಬೇಕು.

ನೀಲಿ ಹರಳನ್ನೂ ಅಳೆಯಿರಿ: ನುಣ್ಣಗೆ ಅರೆದ 6.25 ಗ್ರಾಂ, ಅಷ್ಟೇ ನೀರು. ಇಳಿಕೆ ಬರೀ 1.4 ಡಿಗ್ರಿ. ಹಾಗಾಗಿ ಡಿಗ್ರಿಯ ಹತ್ತನೇ ಒಂದು ಭಾಗ ತೋರುವ ಥರ್ಮಾಮೀಟರನ್ನು ಉಪನ್ಯಾಸಕರಲ್ಲಿ ಕೇಳಿ ಪಡೆಯಿರಿ.

ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ಅಗಲವಾದ ಗಾಜಿನ ಪಾತ್ರೆಯಲ್ಲಿ ಇಟ್ಟರೆ ನೀರು ಆರಿ ನೀಲಿ ಹರಳು ಮರಳಿ ಸಿಗುತ್ತದೆ, ಮುಂದಿನ ತಂಡಕ್ಕೆ ಅದನ್ನೇ ಕಾಯಿಸಿಕೊಳ್ಳಬಹುದು.