ಸ್ಟ್ಯಾಟಿಕ್ ಐಪಿ ಹಾಕೋಕೆ ಮುಂಚೆ, ವಿಳಾಸ ಹಂಚುತ್ತಿರುವುದು ಯಾರು ಅಂತ ನೋಡಿ

ಆಫೀಸಿನ ಕೆಲವು ಕಂಪ್ಯೂಟರ್‌ಗಳಿಗೆ ಮಾತ್ರ 192.168.1 ಅಂತ ಶುರುವಾಗುವ ಐಪಿ ಬರುತ್ತಿದೆ, ಉಳಿದವಕ್ಕೆ ಸರಿಯಾಗಿ 10ರಿಂದ ಶುರುವಾಗುವ ವಿಳಾಸವೇ ಸಿಗುತ್ತಿದೆ, ಎಲ್ಲದಕ್ಕೂ ಸ್ಟ್ಯಾಟಿಕ್ (ಕೈಯಾರೆ ಹಾಕುವ ಖಾಯಂ ವಿಳಾಸ) ಹಾಕಿಬಿಡಲೇ ಅಂತ ಕೇಳಿದ್ದೀರಿ. ಬೇಡ. ನಾನು ಹಾಕಿ ಅನುಭವಿಸಿದ್ದೇನೆ.

ನಮ್ಮಲ್ಲೂ ಒಂದು ಸಲ ಹೀಗೇ ಆಗಿತ್ತು. ಅಕೌಂಟ್ಸ್‌ನವರ ಕಂಪ್ಯೂಟರಿಗೆ ಇಂಟರ್ನೆಟ್ಟೂ ಇಲ್ಲ, ಫೈಲ್ ಸರ್ವರೂ ಸಿಗುತ್ತಿಲ್ಲ. ಪಕ್ಕದ ಸೀಟಿನದ್ದು ಆರಾಮಾಗಿ ಓಡುತ್ತಿದೆ. ರೀಸ್ಟಾರ್ಟ್ ಮಾಡಿದರೆ ಒಂದೊಂದು ಸಲ ಸರಿಹೋಗುತ್ತದೆ, ಒಂದೊಂದು ಸಲ ಇಲ್ಲ. ತಿಂಗಳ ಕೊನೆ ಬೇರೆ, ಎಲ್ಲರೂ ತಲೆ ಮೇಲೆ ಕೂತಿದ್ದರು. ಕೆಟ್ಟ ಕಂಪ್ಯೂಟರ್‌ಗಳಿಗೆಲ್ಲ 10ರ ಸಾಲಿನಲ್ಲಿ ಖಾಲಿ ಕಂಡ ನಂಬರ್ ಕೈಯಾರೆ ಹಾಕಿದೆ. ಒಂದು ಪ್ರಿಂಟರಿಗೂ ಹಾಕಿದೆ. ತಕ್ಷಣ ಎಲ್ಲ ಸರಿಹೋಯಿತು. ಶಹಬ್ಬಾಸ್‌ಗಿರಿಯೂ ಸಿಕ್ಕಿತು.

ಎಡವಟ್ಟಾಗಿದ್ದು ಅಲ್ಲೇ. ಆ ನಂಬರ್‌ಗಳೆಲ್ಲ ಡಿಎಚ್‌ಸಿಪಿ ಸರ್ವರ್ (ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ಕೊಡುವ ಸರ್ವರ್) ಹಂಚುವ ಸಾಲಿನ ಒಳಗೇ ಇದ್ದವು. ಪಿಂಗ್ ಮಾಡಿದೆ, ಅಂದರೆ ಆ ನಂಬರಿನಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿದೆ, ಉತ್ತರ ಬರಲಿಲ್ಲ, ಖಾಲಿ ಅಂದುಕೊಂಡೆ. ಉತ್ತರ ಬರಲಿಲ್ಲ ಅಂದರೆ ಆ ಕ್ಷಣಕ್ಕೆ ಯಾರೂ ಮಾತಾಡುತ್ತಿಲ್ಲ ಅಂತ ಅಷ್ಟೇ. ಫೈರ್‌ವಾಲ್ ಇರೋ ಕಂಪ್ಯೂಟರ್ ಎದ್ದಿದ್ದರೂ ಪಿಂಗ್‌ಗೆ ಸುಮ್ಮನಿರಬಹುದು. ನಾನು ಕೈಯಲ್ಲಿ ಹಾಕಿದ್ದು ಸರ್ವರ್‌ಗೆ ಹೇಗೆ ಗೊತ್ತಾಗಬೇಕು? ಅದರ ಲೆಕ್ಕದಲ್ಲಿ ಆ ನಂಬರ್ ಇನ್ನೂ ಖಾಲಿ. ರಾತ್ರಿ ಪ್ರಿಂಟರ್ ಆಫ್ ಮಾಡಿ ಹೋಗುತ್ತಿದ್ದರು. ಬೆಳಿಗ್ಗೆ ಬೇಗ ಬಂದ ಯಾರದೋ ಲ್ಯಾಪ್‌ಟಾಪ್‌ಗೆ ಸರ್ವರ್ ಅದೇ ನಂಬರ್ ಕೊಟ್ಟಿತು. ಆಮೇಲೆ ಪ್ರಿಂಟರ್ ಆನ್ ಆಯಿತು. ಒಂದೇ ವಿಳಾಸಕ್ಕೆ ಇಬ್ಬರು. ಪ್ರಿಂಟ್ ಕೊಟ್ಟರೆ ಒಮ್ಮೆ ಬರುತ್ತದೆ, ಒಮ್ಮೆ ಕ್ಯೂನಲ್ಲೇ ಸಾಯುತ್ತದೆ. ನಾನು ಡ್ರೈವರ್ ಹೊಸದಾಗಿ ಹಾಕಿದೆ, ಕೇಬಲ್ ಬದಲಿಸಿದೆ. ಮೂಲ ರೋಗ ಹಾಗೇ ಇತ್ತು, ಅದರ ಮೇಲೆ ನನ್ನದೇ ಇನ್ನೊಂದು ರೋಗ ಅಂಟಿಸಿದ್ದೆ.

ಮೂಲ ರೋಗ ಏನು? ಮೀಟಿಂಗ್ ರೂಮಿನಲ್ಲಿ ವೈಫೈ ಬರಲ್ಲ ಅಂತ ಯಾರೋ ಒಂದು ಚಿಕ್ಕ ರೂಟರ್ ತಂದು ಟೇಬಲ್ ಕೆಳಗೆ ಇಟ್ಟಿದ್ದರು. ಗೋಡೆಯಿಂದ ಬಂದ ಕೇಬಲ್ಲನ್ನು ವ್ಯಾನ್ ಪೋರ್ಟ್ (ಹೊರಗಿನಿಂದ ಬರುವ ಕೇಬಲ್ಲಿನ ಜಾಗ) ಬಿಟ್ಟು ಲ್ಯಾನ್ ಪೋರ್ಟಿಗೆ (ಒಳಗಿನ ಕಂಪ್ಯೂಟರ್‌ಗಳ ಜಾಗ) ಚುಚ್ಚಿದ್ದರು. ಅಲ್ಲಿಂದ ಅದೂ ಆಫೀಸಿಗೆಲ್ಲ ವಿಳಾಸ ಹಂಚಲು ಶುರು ಮಾಡಿತು. ಕಂಪ್ಯೂಟರ್ ವಿಳಾಸ ಬೇಕು ಅಂತ ಇಡೀ ನೆಟ್‌ವರ್ಕಿಗೆ ಕೂಗುತ್ತದೆ, ಸಾಮಾನ್ಯವಾಗಿ ಮೊದಲು ಓಗೊಟ್ಟವರದ್ದನ್ನು ಹಿಡಿಯುತ್ತದೆ. ಕೆಲವು ಸರ್ವರ್‌ಗಳು ಕೊಡುವ ಮುಂಚೆ ಪಿಂಗ್ ಮಾಡಿ ನೋಡಿ ತಡ ಮಾಡುತ್ತವೆ, ಅಷ್ಟರಲ್ಲಿ ಚಿಕ್ಕ ರೂಟರ್ ಗೆದ್ದಿರುತ್ತದೆ. ಈಗಾಗಲೇ ಸರಿಯಾದ ವಿಳಾಸ ಇರೋ ಕಂಪ್ಯೂಟರ್ ಲೀಸ್ (ವಿಳಾಸ ಕೊಟ್ಟಿರುವ ಅವಧಿ) ಅರ್ಧ ಮುಗಿದಾಗ ತನ್ನ ಹಳೆಯ ಸರ್ವರನ್ನೇ ನೇರವಾಗಿ ಕೇಳುತ್ತದೆ. ಪಕ್ಕದ ಸೀಟಿನವರು ಆರಾಮಾಗಿದ್ದದ್ದು ಅದಕ್ಕೇ.

ಹಿಡಿಯೋದು ಕಷ್ಟ ಇಲ್ಲ. ಕೆಟ್ಟಿರೋ ವಿಂಡೋಸ್ ಕಂಪ್ಯೂಟರಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ /ಆಲ್ (ipconfig /all) ಹೊಡೆಯಿರಿ. ಡಿಎಚ್‌ಸಿಪಿ ಸರ್ವರ್ ಅನ್ನೋ ಸಾಲಿನಲ್ಲಿ ನಿಮ್ಮ ಸರ್ವರ್ ಬಿಟ್ಟು ಬೇರೆ ನಂಬರ್ ಇದ್ದರೆ ಕಳ್ಳ ಅವನೇ. ಎಆರ್‌ಪಿ -ಎ (arp -a) ಹೊಡೆದರೆ ಅವನ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ಗುರುತಿನ ಸಂಖ್ಯೆ) ಸಿಗುತ್ತದೆ. ಅದನ್ನು ನೆಟ್‌ವರ್ಕ್ ಸ್ವಿಚ್ಚಿನ (ಆಫೀಸಿನ ಕೇಬಲ್‌ಗಳು ಸೇರುವ ಪೆಟ್ಟಿಗೆ) ಮ್ಯಾಕ್ ಟೇಬಲ್‌ನಲ್ಲಿ ಹುಡುಕಿ, ಪೋರ್ಟ್ ನಂಬರ್ ಬರುತ್ತದೆ. ಆ ಕೇಬಲ್ ಹಿಡಿದು ಹೋಗಿ.

169.254 ಅಂತ ಬಂದರೆ ಕಥೆ ಬೇರೆ. ಯಾರೂ ಉತ್ತರವೇ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ನಂಬರ್ ಇಟ್ಟುಕೊಂಡಿದೆ ಅಂತ ಅರ್ಥ. ಆಗ ಕೇಬಲ್, ವಿಎಲ್ಯಾನ್ (ಸ್ವಿಚ್ಚಿನೊಳಗೆ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡಿರೋದು), ಆಮೇಲೆ ಸರ್ವರಲ್ಲಿ ವಿಳಾಸ ಖಾಲಿಯಾಗಿದೆಯಾ ನೋಡಿ. ನೆಟ್‌ವರ್ಕಿನ ಗಾತ್ರ /24 ಅಂತ ಇದ್ದರೆ ಬಳಸೋಕೆ ಸಿಗೋದು 254 ವಿಳಾಸ ಮಾತ್ರ. ಎಲ್ಲರ ಮೊಬೈಲೂ ಅದರಲ್ಲೇ ಪಾಲು ಕೇಳಿದರೆ ಸಾಲುವುದಿಲ್ಲ. ವಿಂಡೋಸ್ ಸರ್ವರಿನಲ್ಲಿ ಲೀಸ್ ಡೀಫಾಲ್ಟ್ 8 ದಿನ, ವೈಫೈಗೆ ಅದು ಜಾಸ್ತಿಯಾಯಿತು.

ಸ್ವಿಚ್ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಆಗಿದ್ದರೆ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿ, ಟ್ರಸ್ಟೆಡ್ ಅಂತ ಗುರುತಿಸಿದ ಪೋರ್ಟ್ ಬಿಟ್ಟು ಬೇರೆ ಕಡೆಯಿಂದ ವಿಳಾಸ ಹಂಚೋದನ್ನು ಅದು ತಡೆಯುತ್ತದೆ. ಸರ್ವರ್ ಕಡೆಯ ಪೋರ್ಟು, ಸ್ವಿಚ್‌ಗಳ ನಡುವಿನ ಅಪ್‌ಲಿಂಕು ಎರಡನ್ನೂ ಟ್ರಸ್ಟೆಡ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಯಾರಿಗೂ ಐಪಿ ಸಿಗಲ್ಲ, ಬೈಸಿಕೊಳ್ಳೋದು ನೀವು. ಪ್ರಿಂಟರಿಗೆ ಖಾಯಂ ನಂಬರ್ ಬೇಕೇ ಬೇಕು ಅಂದರೆ ಸರ್ವರಲ್ಲೇ ರಿಸರ್ವೇಶನ್ ಹಾಕಿ, ಅಂದರೆ ಆ ನಂಬರನ್ನು ಪ್ರಿಂಟರಿಗೇ ಮೀಸಲಿಡಿ.

ಅಂದ ಹಾಗೆ, ಈಗಾಗಲೇ ಒಂದೆರಡು ಕಂಪ್ಯೂಟರಿಗೆ ಸ್ಟ್ಯಾಟಿಕ್ ಹಾಕಿ ನೋಡಿದ್ದೇನೆ ಅಂತಲೂ ಬರೆದಿದ್ದೀರಿ. ಯಾವುದಕ್ಕೆ ಯಾವ ನಂಬರ್ ಅಂತ ಇವತ್ತೇ ಬರೆದಿಟ್ಟುಕೊಳ್ಳಿ. ರೂಟರ್ ಕಿತ್ತ ಮೇಲೆ ಅವನ್ನು ಆಟೋಮ್ಯಾಟಿಕ್‌ಗೆ ವಾಪಸ್ ತನ್ನಿ.